ಹಾರ್ನಕ್ಕನ ಕಿವಿಗೆ ಬಿದ್ದ ಕಾಡು

ಊರ ಬಸ್ಸು ಓಡಿಸುವ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಹಾರ್ನಕ್ಕ ಅಂತಲೇ. ತಿರುವಿಗೊಂದು, ತರಕಾರಿ ಗಾಡಿಗೊಂದು, ಪಾಪ, ಸುಮ್ಮನೆ ಮಲಗಿದ ನಾಯಿಗೊಂದು ಹಾರ್ನ್ ಹೊಡೆಯದಿದ್ದರೆ ಆಕೆಯ ಕೈ ತಡೆಯುತ್ತಿರಲಿಲ್ಲ. ಮನೆಯಲ್ಲಿ ಮಾತೂ ಅದೇ ಎತ್ತರದಲ್ಲಿ.

ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತು. ಗಾಯವೇನೋ ಮಾಯಿತು, ಮುನಿಸಿಕೊಂಡು ಹೋದ ನಿದ್ದೆ ಮಾತ್ರ ತಿರುಗಿ ಬರಲಿಲ್ಲ. ಏರಿದ ಬಿ.ಪಿ. ಇಳಿಯಲೊಲ್ಲದು. ಅದು ಇಳಿಯುವ ತನಕ ಸ್ಟಿಯರಿಂಗ್ ಮುಟ್ಟಕೂಡದೆಂದರು ಡಾಕ್ಟರು. ಮಗಳು ಎಲ್ಲೋ ಓದಿಕೊಂಡು, ಕಾಡಿನ ತೊರೆಯ ಸದ್ದನ್ನು ಫೋನಿನಲ್ಲಿ ಹಾಕಿ ದಿಂಬಿನ ಪಕ್ಕ ಇಟ್ಟಳು.

"ಯಾರೇ ನಲ್ಲಿ ಬಿಟ್ಟು ಹೋಗಿರೋದು?" ಎನ್ನುತ್ತ ಹಾರ್ನಕ್ಕ ಎದ್ದು ಬಚ್ಚಲಿಗೆ ನಡೆದಳು.

"ಅಮ್ಮಾ, ನಿಂಗೆ ನಿದ್ದೆ ಬರ್ಲಿ ಅಂತ ಹಾಕಿದ್ದು ಅದು."

"ನೀರು ಪೋಲಾಗೋ ಸದ್ದಿಗೆ ಯಾರಿಗಾದ್ರೂ ನಿದ್ದೆ ಬರತ್ತೇನೇ?"

ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದ ತಮ್ಮ ನೋಡಲು ಬಂದವನು, "ಫೋನೂ ಬೇಡ ಗೀನೂ ಬೇಡ. ನಡಿಯಕ್ಕಾ ನಮ್ಮನೇಗೆ" ಎಂದು ಕರೆದುಕೊಂಡೇ ಹೋದ.

ಕಾಡಂಚಿನ ಆ ಕ್ವಾರ್ಟರ್ಸು ಮೊದಮೊದಲು ಆಕೆಗೆ ಹಿಡಿಸಲಿಲ್ಲ. ಮರಕುಟಿಗ ಕುಟ್ಟಿದರೆ, "ಬೆಳಗಾಗೋಕ್ ಮುಂಚೆ ಯಾವ ಬಡಗಿಯಪ್ಪಾ ಇವ್ನು?" ಎಂದು ಗೊಣಗುವಳು.

ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಗಾಳಿ ಬಂದಾಗ ಮೊದಲು ದೂರದ ಎಲೆಗಳು ಸದ್ದು ಮಾಡಿದವು, ಆಮೇಲೆ ಹತ್ತಿರದವು. ಹಕ್ಕಿಯೊಂದು ಕೂಗಿ, ಆಚೆಯಿಂದ ಉತ್ತರ ಬರುವವರೆಗೂ ಕಾದು, ಮತ್ತೆ ಕೂಗಿತು. ಇಲ್ಲಿ ಯಾರಿಗೂ ಯಾರೂ ದಾರಿ ಬಿಡಬೇಕಿರಲಿಲ್ಲ. ಬಿಗಿದುಕೊಂಡಿದ್ದ ಹೆಗಲು ತಾನಾಗಿ ಇಳಿಯಿತು. ಸೊಪ್ಪು ಮಡಿಲಲ್ಲೇ ಉಳಿಯಿತು. ಎಚ್ಚರವಾದಾಗ ತಮ್ಮ ಹೊದಿಸಿದ ಹೊದಿಕೆ ಮೈಮೇಲಿತ್ತು, ಮಧ್ಯಾಹ್ನದ ಊಟ ಆರಿಹೋಗಿತ್ತು.

ಅಂದಿನಿಂದ ದಿನವೂ ಮೆಟ್ಟಿಲೇ ಆಕೆಯ ಆಸನ. ರಾತ್ರಿಯ ನಿದ್ದೆಯೂ ಮೆಲ್ಲಗೆ ಕೂಡಿಬಂತು. ಊರಿಗೆ ಮರಳಿ ತೋರಿಸಿದಾಗ ಡಾಕ್ಟರು ಬಿ.ಪಿ. ಯಂತ್ರವನ್ನು ಎರಡೆರಡು ಸಲ ಕಟ್ಟಿ ನೋಡಿದರು.

"ಏನ್ ಮಾಡಿದ್ರಿ?"

"ಏನೂ ಮಾಡ್ದೇ ಕೂತಿದ್ದೆ ಡಾಕ್ಟ್ರೇ. ಕಾಡು ಕೇಳ್ತಾ."

ಡಾಕ್ಟರು ನಕ್ಕರು. "ಕಾಡಿಗೂ ಹೋಗಿ, ಮಾತ್ರೆನೂ ತಗೊಳ್ಳಿ. ಎರಡೂ ಇರ್ಲಿ."

ಕೆಲಸಕ್ಕೆ ಸೇರಿದ ಮೇಲೆ, ಯಾರಿಗೂ ಬೇಡವಾಗಿದ್ದ ಕಾಡಂಚಿನ ರೂಟನ್ನು ಆಕೆ ಕೇಳಿ ಪಡೆದಳು. ದಾರಿ ಮಧ್ಯೆ ವಿರಾಮಕ್ಕೆ ನಿಂತಾಗ ಎಂಜಿನ್ ಆರಿಸಿಬಿಡುವಳು.

"ಕೆಟ್ಟೋಯ್ತಾ ಅಕ್ಕಾ?" ಎಂದವರಿಗೆ, "ಇಲ್ಲ, ಸ್ವಲ್ಪ ಸುಮ್ನಿರಿ" ಎನ್ನುವಳು.

ರಾತ್ರಿ ಪಾಳಿ ಮುಗಿಸಿ ಬರುವ ನರ್ಸೊಬ್ಬಳು ಒಮ್ಮೆ ಕಿಟಕಿಗೊರಗಿ ಕಣ್ಣು ಮುಚ್ಚಿದ್ದಳು. ಎಂಜಿನ್ ಗುರ್ ಎಂದಾಗ ಮುಖ ಸಪ್ಪೆ ಮಾಡಿ, "ಇನ್ನೊಂಚೂರು ನಿಲ್ಲಿಸ್ಬಾರ್ದಿತ್ತಾ?" ಎಂದಳು.

"ಟೈಮಾಯ್ತಲ್ಲಮ್ಮಾ. ನಾಳೆನೂ ಇಲ್ಲೇ ನಿಲ್ಲಿಸ್ತೀನಿ" ಎಂದು ಹಾರ್ನಕ್ಕ ಗೇರು ಹಾಕಿದಳು.