ಹೆಸರು ಬರೆಸದವರ ಕಪಾಟು

ಬೆಳಗಿನ ಆರೂವರೆಯಾದರೂ ನವೆಂಬರ್ ತಿಂಗಳ ನಮ್ಮೂರು ಆರ್ಡ್‌ಲೋಗನ್ನಿನಲ್ಲಿ ಇನ್ನೂ ಕತ್ತಲೆ. ಕ್ಲೈಡ್ ನದಿಯ ಕಡೆಯಿಂದ ಬೀಸುವ ಗಾಳಿಗೆ ಪುಸ್ತಕದ ಉಗ್ರಾಣದ ತಗಡಿನ ಬಾಗಿಲು ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಸೆಂಗಾ ರೆನ್ನಿ ಸೊಂಟದಿಂದ ಬಾಗಿಲನ್ನು ಒತ್ತಿ ಹಿಡಿದು, ಎರಡೂ ಕೈಯಲ್ಲಿ ಹಳದಿ ಕ್ರೇಟೊಂದನ್ನು ಎತ್ತಿ ವ್ಯಾನಿನೊಳಕ್ಕೆ ತಳ್ಳುತ್ತಾರೆ. ಬಾಯಲ್ಲಿ ಅರ್ಧ ತಿಂದ ಸಾಸೇಜ್ ಬನ್ನು ಇದೆ. ಅಂಥ ಹೊತ್ತಿನಲ್ಲಿ ಯಾರಾದರೂ ಸುಮ್ಮನಿರುತ್ತಾರೆ. ಸೆಂಗಾ ಸುಮ್ಮನಿರುವುದಿಲ್ಲ.

“ಹಂಗೇ ನಿಂತ್ಕೊಂಡು ನೋಡ್ತಾ ಇರ್ತೀಯೋ, ಆ ಕಡೆ ಒಂದು ಕೈ ಹಾಕ್ತೀಯೋ? ಪೇಪರ್ನೋರ ಕೈ ಇರೋದು ಬರೀ ಪೆನ್ನು ಹಿಡಿಯೋಕೇನಾ?”

ಕೈ ಹಾಕಿದೆ. ಅಯ್ಯೋ ದೇವರೇ, ಪುಸ್ತಕದ ಭಾರ ಓದುವವರಿಗೆ ಗೊತ್ತಾಗುವುದಿಲ್ಲ, ಹೊರುವವರಿಗೇ ಗೊತ್ತು. ಉಗ್ರಾಣ ನೋಡಿಕೊಳ್ಳುವ ಡೂಗಿ ಒಳಗೆ ಚಹಾ ಕುಡಿಯುತ್ತಾ ಕೂತಿದ್ದಾನೆ, ಎದ್ದು ಬರುವ ಸೂಚನೆಯೇ ಇಲ್ಲ. “ಅವನಿಗೆ ಬೆನ್ನು ನೋವು,” ಎನ್ನುತ್ತಾರೆ ಸೆಂಗಾ. “ಹುಟ್ಟಿದಾಗಿನಿಂದ.”

ನಮ್ಮೂರಿನ ಮತ್ತು ಸುತ್ತಲಿನ ಶಾಲೆಗಳ ಲೈಬ್ರರಿಗಳಿಗೆ ಪುಸ್ತಕ ಕೊಡುವುದು, ಹಳೆಯದನ್ನು ತರುವುದು, ಹರಿದಿದ್ದನ್ನು ಅಂಟಿಸುವುದು ಎಲ್ಲವೂ ಈ ಅರವತ್ತೊಂದು ವರ್ಷದ ಹೆಂಗಸಿನ ಕೆಲಸ. ದಿನಕ್ಕೆ ನಾಲ್ಕು ಶಾಲೆ, ಮೂವತ್ತು ನಲವತ್ತು ಕ್ರೇಟು. ಹೆಚ್ಚಿನ ಶಾಲೆಗಳಲ್ಲಿ ಈಗ ಲೈಬ್ರರಿಯನ್ನರೇ ಇಲ್ಲ, ಖರ್ಚು ಉಳಿಸಲು ಆ ಹುದ್ದೆಗಳನ್ನೇ ತೆಗೆದರು. ಹಾಗಾಗಿ ವ್ಯಾನು ಹೋದ ದಿನ ಊಟದ ಬಿಡುವಿನಲ್ಲಿ ಕೌಂಟರಿಗೆ ಕೂರುವವರೂ ಸೆಂಗಾ ಅವರೇ. ಮಂಗಳವಾರ ಗುಡ್ಡದ ಮೇಲಿನ ಶಾಲೆಯ ಸರದಿ. ಮಿಕ್ಕ ದಿನ ಅಲ್ಲಿ ಬಿಡುವಿದ್ದ ಮೇಷ್ಟ್ರು ಯಾರೋ ಬಾಗಿಲು ತೆಗೆದಿಟ್ಟು ಹೋಗುತ್ತಾರೆ.

ಪುಸ್ತಕಕ್ಕೂ ತಮಗೂ ಮೊದಲಿನಿಂದ ಎಣ್ಣೆ ಸೀಗೇಕಾಯಿ ಎಂದು ಅವರೇ ಹೇಳುತ್ತಾರೆ. ಹದಿನೈದಕ್ಕೆ ಶಾಲೆ ಬಿಟ್ಟು ಕಂಪ್ಯೂಟರ್ ಕಾರ್ಖಾನೆ ಸೇರಿದರು. ಇಪ್ಪತ್ತು ವರ್ಷ ಬೆಸುಗೆ ಹಾಕಿದ ಮೇಲೆ ಕಾರ್ಖಾನೆ ಮುಚ್ಚಿತು. ಆಮೇಲೆ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದರು. ಗಂಡ ತೀರಿಕೊಂಡ ವರ್ಷ ವ್ಯಾನಿನ ಕೆಲಸ ಸಿಕ್ಕಿತು. “ಓಡ್ಸೋಕೆ ಬರತ್ತಾ ಅಂತ ಕೇಳಿದ್ರು, ಬರತ್ತೆ ಅಂದೆ. ಓದೋಕೆ ಬರತ್ತಾ ಅಂತ ಯಾರೂ ಕೇಳ್ಲಿಲ್ಲ, ನಾನೂ ಬಾಯ್ಬಿಡ್ಲಿಲ್ಲ. ಬರ್ತಿತ್ತು ಕಣಮ್ಮ, ಆದ್ರೆ ನಿಧಾನ. ಪುಟದ ತುಂಬಾ ಕರ್‍ರಗೆ ಅಕ್ಷರ ಕಂಡ್ರೆ ಎದೆ ಡವಡವ ಅನ್ನೋದು.”

ಆ ಹೆದರಿಕೆ ಬಿಡಿಸಿದ್ದು ಹದಿಹರೆಯದ ಮಕ್ಕಳಿಗಾಗಿ ಪದ್ಯದಲ್ಲಿ ಬರೆದ ಕಾದಂಬರಿಗಳು. ಅಪ್ಪ ಜೈಲಿಗೆ ಹೋದ ಹುಡುಗಿ, ಮನೆ ಕಳೆದುಕೊಂಡು ಅವರಿವರ ಸೋಫಾದ ಮೇಲೆ ಮಲಗುವ ಹುಡುಗ, ಊಟ ಬಿಟ್ಟು ಸೊರಗುವವಳು, ಹೀಗೆ ಕಷ್ಟಕ್ಕೆ ಸಿಕ್ಕಿದ ಮಕ್ಕಳದೇ ಕಥೆ. ಪುಟಕ್ಕೆ ಹತ್ತಿಪ್ಪತ್ತು ಗಿಡ್ಡ ಸಾಲು, ಕೆಲವು ಪುಟದಲ್ಲಿ ನಾಲ್ಕೇ ಪದ, ಸುತ್ತ ಬರೀ ಬಿಳಿ. ಒಮ್ಮೆ ವ್ಯಾನು ಕೆಟ್ಟು ನಿಂತಾಗ ಮೆಕ್ಯಾನಿಕ್‌ಗೆ ಕಾಯುತ್ತಾ ಸೆಂಗಾ ಅಂಥದೊಂದನ್ನು ತೆರೆದರು. ಮೆಕ್ಯಾನಿಕ್ ಬರುವಷ್ಟರಲ್ಲಿ ಕಾದಂಬರಿ ಮುಗಿದಿತ್ತು, ಇವರು ಗೊಳೋ ಅಂತ ಅಳುತ್ತಿದ್ದರು. ವ್ಯಾನಿಗೆ ಅಂಥದ್ದೇನೂ ಆಗಿಲ್ಲ ಎಂದು ಪಾಪ ಆತ ಸಮಾಧಾನ ಮಾಡಿದನಂತೆ.

“ಕಷ್ಟ ಹೇಳ್ಕೊಳ್ಳೋರು ಯಾರು ತಾನೇ ಉದ್ದುದ್ದ ಮಾತಾಡ್ತಾರೆ? ಎರಡು ಮಾತಾಡ್ತಾರೆ, ಸುಮ್ಮನಾಗ್ತಾರೆ. ಆಮೇಲೆ ಇನ್ನೆರಡು. ಈ ಪುಸ್ತಕಗಳೂ ಹಂಗೇ ಇರ್ತವೆ,” ಎನ್ನುತ್ತಾರೆ. ಇಷ್ಟು ಇಷ್ಟಪಡುವ ಪುಸ್ತಕಗಳನ್ನೇ ಒಂದು ಸಲ ಕೈಯಾರೆ ಕಸಕ್ಕೆ ಕಳಿಸಿದ್ದರಲ್ಲ, ಆ ಮಾತು ಎತ್ತಿದರೆ ಮುಖ ಇವತ್ತಿಗೂ ಚಿಕ್ಕದಾಗುತ್ತದೆ.

ಲೈಬ್ರರಿಯವರ ಭಾಷೆಯಲ್ಲಿ ಅದಕ್ಕೆ ಕಳೆ ಕೀಳುವುದು ಅನ್ನುತ್ತಾರೆ. ಮೂರು ವರ್ಷದಿಂದ ಯಾರೂ ಮನೆಗೆ ಒಯ್ಯದ ಪುಸ್ತಕ ಯಾವುದು ಎಂದು ಕಂಪ್ಯೂಟರ್ ಹೇಳುತ್ತದೆ. ಅದನ್ನು ಎತ್ತಿ ಕ್ರೇಟಿಗೆ ಹಾಕಬೇಕು. ಉಗ್ರಾಣದಿಂದ ಲಾರಿಯಲ್ಲಿ ಕಾಗದದ ಕಾರ್ಖಾನೆಗೆ ಹೋಗಿ ಅದು ರದ್ದಿಯಾಗುತ್ತದೆ. ಹೋದ ವರ್ಷ ಅಕ್ಟೋಬರ್ ರಜೆಯಲ್ಲಿ ಗುಡ್ಡದ ಮೇಲಿನ ಶಾಲೆಯಲ್ಲಿ ಕಂಪ್ಯೂಟರ್ ತೋರಿಸಿದ್ದು, ಹೀಟರಿನ ಪಕ್ಕದ ಮೂಲೆಯ ಒಂದು ಇಡೀ ಸಾಲನ್ನು. ಎಲ್ಲವೂ ಪದ್ಯದ ಕಾದಂಬರಿಗಳು. ಒಂದನ್ನೂ ಯಾರೂ ಒಯ್ದಿರಲಿಲ್ಲ.

“ಬೇಜಾರಾಯ್ತು. ಆದ್ರೆ ಈಗಿನ ಮಕ್ಕಳಿಗೆ ಬೇಡ್ವೇನೋ ಅಂದ್ಕೊಂಡೆ. ಒಂದೊಂದೇ ಜಾಡಿಸಿದೆ. ಒಳಗಿಂದ ಬಸ್ ಟಿಕೆಟ್ಟು, ಚಿಪ್ಸ್ ಪೊಟ್ಟಣದ ಚೂರು, ಕೂದಲಿನ ಬ್ಯಾಂಡು, ಗಾಯದ ಪಟ್ಟಿ ಬಿತ್ತು. ‘ಥೂ, ಹಂದಿಗಳಾ’ ಅಂತ ಬೈಕೊಂಡು ಗುಡಿಸಿ ಡಬ್ಬಕ್ಕೆ ಹಾಕ್ದೆ. ಯಾರೂ ಮುಟ್ಟದ ಪುಸ್ತಕದೊಳಗೆ ಇವೆಲ್ಲ ಹೆಂಗೆ ಬಂದ್ವು ಅಂತ ಕೇಳ್ಕೋಬೇಕಿತ್ತಲ್ವಾ? ಕೇಳ್ಕೊಳ್ಳಿಲ್ಲ. ಮಂಡೆಯೊಳಗೆ ಮಂಜು ಕವಿದಿತ್ತು.”

ರಜೆ ಮುಗಿದ ಮೇಲಿನ ಮಂಗಳವಾರ ಊಟದ ಬಿಡುವಿನಲ್ಲಿ ಒಬ್ಬ ಹುಡುಗಿ ಬಂದು ಖಾಲಿ ಕಪಾಟಿನ ಮುಂದೆ ನಿಂತಳು. ಹದಿನಾಲ್ಕು ವರ್ಷದವಳು. ಮಿರ್ರನ್ ಎಂದು ಕರೆಯೋಣ. ಇದು ನಾನಿಟ್ಟ ಹೆಸರು. ಅವಳೂ ಅವಳ ತಾಯಿಯೂ ಈ ಬರಹವನ್ನು ಓದಿ ಒಪ್ಪಿದ ಮೇಲೆಯೇ ಅಚ್ಚಿಗೆ ಹೋಗಿದೆ. (“ನನ್ನನ್ನ ಸ್ವಲ್ಪ ಚೆಂದ ಮಾಡಿ ಬರೀರಿ” ಎಂದರು ತಾಯಿ. ನಾನು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.)

“ಇಲ್ಲಿದ್ದ ಪುಸ್ತಕ ಎಲ್ಲಿ ಮಿಸ್?”

“ಯಾರೂ ಓದ್ತಿರ್ಲಿಲ್ಲ ಪುಟ್ಟಿ, ತೆಗೆದ್ವಿ.”

“ನಾನು ಓದ್ತಿದ್ದೆ.”

“ಕಂಪ್ಯೂಟರಲ್ಲಿ ನಿನ್ನ ಹೆಸರೇ ಇಲ್ವಲ್ಲೇ?”

“ಇರಬಾರ್ದು ಅಂತಾನೇ.”

ಸೆಂಗಾ ವ್ಯಾನು ಓಡಿಸುತ್ತಾ ಈ ಮಾತನ್ನು ನನಗೆ ಹೇಳುವಾಗ ಸ್ಟೇರಿಂಗ್ ಬಿಟ್ಟು ಹಣೆ ಚಚ್ಚಿಕೊಂಡರು. ನನ್ನ ಪ್ರಾಣ ಬಾಯಿಗೆ ಬಂತು. ವಿಷಯ ಇಷ್ಟೇ. ಮಿರ್ರನ್ ಓದುತ್ತಿದ್ದದ್ದು ಕಾಯಿಲೆಯ ಅಮ್ಮನನ್ನು ಯಾರಿಗೂ ಹೇಳದೆ ನೋಡಿಕೊಳ್ಳುವ ಹುಡುಗನೊಬ್ಬನ ಕಥೆ. ಅವಳ ಮನೆಯಲ್ಲೂ ಅದೇ. ಅಮ್ಮನಿಗೆ ನರದ ಕಾಯಿಲೆ, ಕೆಲವು ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗುವುದಿಲ್ಲ. ಎಬ್ಬಿಸಿ, ತೊಳೆಸಿ, ಉಣ್ಣಿಸಿ, ಆಮೇಲೆ ತಾನು ಓಡಿಬಂದು ಬಸ್ ತಪ್ಪಿತು ಎಂದು ಟೀಚರಿಗೆ ಸುಳ್ಳು ಹೇಳಬೇಕು. ಇಂಥ ಪುಸ್ತಕವನ್ನು ತನ್ನ ಹೆಸರಿನಲ್ಲಿ ಒಯ್ದರೆ ಯಾರೋ ಗಮನಿಸುತ್ತಾರೆ, ಯಾಕೆ ಎಂದು ಕೇಳುತ್ತಾರೆ, ಮನೆಗೆ ಸಮಾಜ ಕಲ್ಯಾಣ ಇಲಾಖೆಯವರು ಬರುತ್ತಾರೆ, ತಾಯಿಯನ್ನು ಒಂದು ಕಡೆ ತನ್ನನ್ನು ಒಂದು ಕಡೆ ಹಾಕುತ್ತಾರೆ ಎಂಬ ಹೆದರಿಕೆ. ಅದಕ್ಕೇ ಅವಳು ಕೌಂಟರಿಗೆ ಕಾಣದ ಹಾಗೆ ಹೀಟರಿಗೆ ಬೆನ್ನು ಕೊಟ್ಟು ನಿಂತು, ಒಂದು ಬಿಡುವಿಗೆ ಆದಷ್ಟು ಪುಟ ಓದಿ, ಗುರುತಿಗೆ ಕೂದಲಿನ ಬ್ಯಾಂಡು ಇಟ್ಟು ಹೋಗುತ್ತಿದ್ದಳು. ಪದ್ಯದ ಸಾಲು ಚಿಕ್ಕದು, ನಿಂತೇ ಓದಬಹುದು.

ಅವಳು ಒಬ್ಬಳೇ ಅಲ್ಲ. ಅದೇ ಮಧ್ಯಾಹ್ನ ಇನ್ನೂ ಮೂವರು ಮಕ್ಕಳು ಬೇರೆ ಬೇರೆಯಾಗಿ ಬಂದು ಆ ಮೂಲೆ ನೋಡಿ, ಏನೂ ಕೇಳದೆ ತಿರುಗಿ ಹೋದರು. ಆ ಸಾಲಿನಲ್ಲಿ ಒಬ್ಬೊಬ್ಬರದೂ ಒಂದೊಂದು ಗುಟ್ಟು ಇತ್ತು.

ಸೆಂಗಾ ಕೌಂಟರ್ ಹಾಗೇ ಬಿಟ್ಟು ಡೂಗಿಗೆ ಫೋನ್ ಮಾಡಿದರು. ರದ್ದಿ ಲಾರಿ ಬರುವುದು ಸೋಮವಾರ, ಅಂದರೆ ಹಿಂದಿನ ದಿನವೇ ಬಂದು ಹೋಗಿತ್ತು. “‘ಗುಡ್ಡದ ಶಾಲೆ ಕ್ರೇಟು ಹೋಯ್ತೇನೋ ಡೂಗಿ?’ ಅಂದೆ. ‘ಬೈಬೇಡ ಸೆಂಗಾ’ ಅಂತ ಶುರು ಮಾಡ್ದ. ಮುಗೀತು ಕಥೆ ಅಂದ್ಕೊಂಡೆ. ‘ಬಾಗಿಲ ಸಂದೀಲಿ ಗಾಳಿ ಬರ್ತಿತ್ತು, ಕಾಲು ಮರಗಟ್ತಿತ್ತು, ಅದಕ್ಕೆ ನಿನ್ನ ಕ್ರೇಟು ಅಡ್ಡ ಇಟ್ಕೊಂಡಿದೀನಿ, ಲಾರಿಗೆ ಹಾಕಲಿಲ್ಲ’ ಅಂದ. ಹತ್ತು ವರ್ಷದಿಂದ ಆ ಮುಂಡೇದಕ್ಕೆ ಸೋಮಾರಿ ಅಂತ ಬೈದಿದ್ದೆ. ಅವತ್ತು ಮಾತ್ರ ಹೋಗಿ ತಬ್ಕೊಂಡ್ಬಿಟ್ಟೆ. ಹೆದರ್ಕೊಂಡು ಚಹಾ ಚೆಲ್ಕೊಂಡ.”

ಮೇಲಿನ ಅಧಿಕಾರಿಗೆ ಫೋನ್ ಮಾಡಿ ತಪ್ಪು ತಮ್ಮದೇ ಎಂದು ಮೊದಲೇ ಹೇಳಿಬಿಟ್ಟರು. ಆಕೆ ನಕ್ಕು, ವಾಪಸ್ ಇಟ್ಟುಬಿಡಿ ಎಂದರಂತೆ. ಕೆಲಸ ಹೋಗಬಹುದು ಎಂದು ಹೆದರಿದ್ದ ಸೆಂಗಾ ಆ ಸಂಜೆ ಒಂದು ದೊಡ್ಡ ಕೇಕಿನ ತುಂಡು ಒಬ್ಬರೇ ತಿಂದರು. ಮಾರನೆಯ ಬೆಳಿಗ್ಗೆಯೇ, ಅವರ ಸರದಿಯ ದಿನವಲ್ಲದಿದ್ದರೂ, ಪುಸ್ತಕಗಳು ಹೀಟರಿನ ಪಕ್ಕ ಬಂದು ಕೂತವು.

ಆಗ ನೆನಪಾದವು ಡಬ್ಬಕ್ಕೆ ಹೋದ ಗುರುತುಗಳು. ಮಕ್ಕಳು ಓದುತ್ತಿದ್ದ ಪುಟ ಯಾವುದೆಂದು ಇನ್ನು ಯಾರು ಹೇಳಬೇಕು? ಮಧ್ಯಾಹ್ನ ಮಿರ್ರನ್ ಬಂದಾಗ ಸೆಂಗಾ ಬೆವರುತ್ತಾ ಕ್ಷಮೆ ಕೇಳಿದರು. ಹುಡುಗಿ ಪುಸ್ತಕ ತೆಗೆದು ಸರಸರ ಹಾಳೆ ತಿರುವಿದಳು, ಓದದೆ, ಬರೀ ನೋಡುತ್ತಾ. ಒಂದು ಪುಟದಲ್ಲಿ ಪದಗಳು ಮೆಟ್ಟಿಲಿನಂತೆ ಕೆಳಗಿಳಿದಿದ್ದವು. ಅಲ್ಲಿ ನಿಲ್ಲಿಸಿದಳು. “ಇದಾದ ಮೇಲಿನದು,” ಎಂದಳು. ಪದ್ಯದ ಕಾದಂಬರಿಯಲ್ಲಿ ಪುಟಕ್ಕೊಂದು ಆಕಾರ. ಉಳಿದ ಮಕ್ಕಳೂ ಹಾಗೆಯೇ ಕಂಡುಕೊಂಡರು. ಒಬ್ಬ ಹುಡುಗ ತನ್ನ ಪುಟವನ್ನು “ಚರಂಡಿ ಪೈಪಿನಂಗಿರೋದು” ಅಂತ ಹುಡುಕಿದನಂತೆ.

ಆದರೆ ಮಿರ್ರನ್ ಓದಲು ಶುರು ಮಾಡಲಿಲ್ಲ. ಪುಸ್ತಕ ಎದೆಗೆ ಅವಚಿಕೊಂಡು ಕೌಂಟರಿಗೆ ಬಂದಳು. ಕಥೆಯ ಹುಡುಗ ಟೀಚರಿಗೆ ಎಲ್ಲ ಹೇಳಿಬಿಡಲೋ ಬೇಡವೋ ಎಂದು ಬಾಗಿಲ ಬಳಿ ನಿಂತಿದ್ದ ಪುಟ ಅದು. “ಕೊನೇಲಿ ಅಮ್ಮನ್ನ ಅವನಿಂದ ಕಿತ್ಕೋತಾರಾ ಮಿಸ್?”

“ಕಥೆ ಕೊನೆ ಹೇಳ್ಬಾರ್ದು, ನಂಗೂ ಗೊತ್ತು,” ಎನ್ನುತ್ತಾರೆ ಸೆಂಗಾ. “ಆದ್ರೆ ಆ ಮಗುವಿನ ಮುಖ ನೋಡ್ಬೇಕಿತ್ತು ನೀನು. ‘ಇಲ್ಲ ಕಂದಾ, ಕಿತ್ಕೊಳ್ಳಲ್ಲ’ ಅಂದೆ. ‘ಕಥೇಲಿ’ ಅಂದ್ಳು. ‘ಕಥೇಲಿ’ ಅಂದೆ. ಅದಕ್ಕಿಂತ ಹೆಚ್ಚು ಹೇಳೋಕೆ ನಾನ್ಯಾರು? ಸುಳ್ಳು ಹೇಳಿ ಆಮೇಲೆ ಅದು ನಿಜ ಆಗ್ದೆ ಹೋದ್ರೆ?”

ಎರಡು ವಾರ ಸೆಂಗಾಗೆ ಸರಿಯಾಗಿ ನಿದ್ದೆ ಇಲ್ಲ. ಮೂರನೆಯ ಮಂಗಳವಾರ ಮಿರ್ರನ್ ಬಂದು, ಟೀಚರ್ ಹತ್ತಿರ ಹೋಗುತ್ತಿದ್ದೇನೆ, ಬಾಗಿಲ ತನಕ ಬರ್ತೀರಾ ಎಂದಳು. ಸೆಂಗಾ ಬಾಗಿಲ ತನಕ ಹೋದರು. ಒಳಗೂ ಹೋದರು. ಹುಡುಗಿ ಹೇಳಿ ಮುಗಿಸುವವರೆಗೂ ಪಕ್ಕದ ಕುರ್ಚಿಯಲ್ಲಿ ಕೂತು, ಅಷ್ಟು ಹೊತ್ತು ಒಂದು ಮಾತೂ ಆಡಲಿಲ್ಲ. ಅವರ ಜೀವನದಲ್ಲಿ ಅದೊಂದು ದಾಖಲೆಯೇ ಇರಬೇಕು.

ಸಮಾಜ ಕಲ್ಯಾಣದವರು ಬಂದರು. ಮಿರ್ರನ್ ಮೆಟ್ಟಿಲ ಮೇಲೆ ಕೂತು ಒಳಗಿನ ಮಾತಿಗೆ ಕಿವಿಗೊಟ್ಟಳಂತೆ. ಅವರು ಯಾರನ್ನೂ ಎಲ್ಲಿಗೂ ಕರೆದೊಯ್ಯಲಿಲ್ಲ. ಬದಲಿಗೆ ಬೆಳಿಗ್ಗೆ ಏಳಕ್ಕೆ ಒಬ್ಬ ಹೆಂಗಸು ಮನೆಗೆ ಬರತೊಡಗಿದರು, ತಾಯಿಯನ್ನು ಎಬ್ಬಿಸಿ ತಿಂಡಿ ಮಾಡಿಕೊಡಲು. ಬಚ್ಚಲಿಗೆ ಹಿಡಿಕೆ ಹಾಕಿಸಿದರು. ತಾಯಿ ಮನೆಯಲ್ಲೇ ಇದ್ದಾರೆ, ಮಗಳೂ ಅಲ್ಲೇ ಇದ್ದಾಳೆ. ನಾನು ಹೋದ ದಿನ ಇಬ್ಬರೂ ಟೋಸ್ಟ್ ಸೀದಿದ್ದು ಯಾರಿಂದ ಎಂದು ಜಗಳವಾಡುತ್ತಿದ್ದರು. ಕೇಳಿ ನನಗೇ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಈಗ ಆ ಮೂಲೆಯ ಪುಸ್ತಕಗಳನ್ನು ಹೆಸರು ಬರೆಸದೆಯೇ ಮನೆಗೂ ಒಯ್ಯಬಹುದು. ಕೇಳುವವರಿಲ್ಲ. ಕಳೆ ಕೀಳುವಾಗ ಕಂಪ್ಯೂಟರ್ ಏನೇ ಹೇಳಲಿ, ಆ ಸಾಲನ್ನು ಮುಟ್ಟುವುದಿಲ್ಲ. ಎಲ್ಲಾ ವಾಪಸ್ ಬರುತ್ತವೆಯೇ ಎಂದು ಕೇಳಿದೆ. “ಕೆಲವು ಬರಲ್ಲ. ಎಲ್ಲೋ ಯಾರಿಗೋ ಇನ್ನೂ ಬೇಕಾಗಿದೆ ಅಂತ ಅರ್ಥ. ಬಿಡು,” ಎಂದರು. ವ್ಯಾನು ಗುಡ್ಡದ ಶಾಲೆಯ ಗೇಟಿಗೆ ಬಂದು ನಿಂತಿತ್ತು. ಮಕ್ಕಳು ಬ್ಯಾಗು ಎಳೆದುಕೊಂಡು ಒಳಗೆ ಹೋಗುತ್ತಿದ್ದರು. ಯಾರೋ “ಸೆಂಗಾ ಮಿಸ್, ನಿಮ್ಮ ವ್ಯಾನ್ ಸ್ನಾನ ಮಾಡಿ ಎಷ್ಟು ವರ್ಷ ಆಯ್ತು?” ಎಂದು ಕೂಗಿದರು. ಇವರು “ನೀನು ಮಾಡಿದ ಮಾರನೇ ದಿನ ಮಾಡಿಸ್ತೀನಿ” ಎಂದು ತಿರುಗಿ ಕೂಗಿದರು.

ಇಳಿಯುವ ಮುಂಚೆ ಒಂದು ಮಾತು ಹೇಳಿದರು. ಈ ವರ್ಷದ ಬೇಸಿಗೆ ರಜೆಗೆ ಮುಂಚಿನ ಕೊನೆಯ ಮಂಗಳವಾರ ಮಿರ್ರನ್ ಅದೇ ಸಾಲಿನಿಂದ ಇನ್ನೊಂದು ಪುಸ್ತಕ ತಂದು ಕೌಂಟರಿನ ಮೇಲೆ ಇಟ್ಟಳಂತೆ. ಹಾಗೇ ತಗೊಂಡು ಹೋಗು, ಬರೆಸಬೇಕಿಲ್ಲ ಎಂದರೆ ಕದಲಲಿಲ್ಲ. ಹಿಂದೆ ನಾಲ್ಕು ಮಕ್ಕಳು ಸಾಲಿನಲ್ಲಿ ನಿಂತಿದ್ದರು. ಎಲ್ಲರಿಗೂ ಕೇಳುವ ಹಾಗೆ ಅಂದಳು, “ನನ್ನ ಹೆಸರಲ್ಲೇ ಕೊಡಿ ಮಿಸ್.”

“ಅವಳ ಮುಖಾನೇ ನೋಡ್ತಾ ಒತ್ಬಿಟ್ಟೆ ಕಣಮ್ಮ. ತಾರೀಖಿನ ಸೀಲು ತಲೆಕೆಳಗಾಗಿ ಬಿತ್ತು. ಬೇರೆ ಪುಸ್ತಕ ಆಗಿದ್ರೆ ಒಳಗಿನ ತಾರೀಖಿನ ಚೀಟಿ ಕಿತ್ತು ಹೊಸದು ಅಂಟಿಸ್ತಿದ್ದೆ,” ಎಂದು ಸೆಂಗಾ ರೆನ್ನಿ ಹಿಂದಿನ ಬಾಗಿಲು ತೆರೆದು ಮೊದಲ ಕ್ರೇಟಿಗೆ ಕೈ ಹಾಕಿದರು. “ಅದನ್ನ ಹಂಗೇ ಬಿಟ್ಟಿದೀನಿ.”