ಖಾಲಿ ಡಬ್ಬಿಯ ದಿನ

ಇಸೊಬೆಲ್‌ಗೆ ಅವಳ ನಾಲಿಗೆಯೇ ಶತ್ರು. ಅವಳ ಗಂಡ ಡೂಗಲ್ ನನ್ನ ತಮ್ಮ, ಗ್ರೀನಕ್‌ನ ಅಗ್ನಿಶಾಮಕ ಠಾಣೆಯವನು. ಮಲಗಿದರೆ ಗೊರಕೆಗೆ ಗೋಡೆ ನಡುಗಬೇಕು. ಇವಳಿಗೋ ಬೆಳಗಾದರೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಹನ್ನೊಂದು ವರ್ಷದ ಹಿಂದೆ ದಿಂಬು ಎತ್ತಿಕೊಂಡು ಹಿಂದಿನ ಕೋಣೆ ಸೇರಿದಳು. ಸೇರಿದವಳು ಸುಮ್ಮನಿರಬಾರದೆ? ಅವನನ್ನು ಬಿಟ್ಟುಬಿಟ್ಟೆ ಎಂದು ಬೀದಿಗೆಲ್ಲ ಹೇಳಿ ನಗಿಸಿದಳು. ನಾನೂ ನಕ್ಕೆ.

ಈಗ ನಿಜವಾಗಿ ಬಿಡುವಾಗ ಆ ತಮಾಷೆಯೇ ಕೊರಳಿಗೆ ಸುತ್ತಿಕೊಂಡಿತು. ನಮ್ಮಲ್ಲಿ ವಿಚ್ಛೇದನವಾದರೆ ಮದುವೆಯಾದಂದಿನಿಂದ ಬೇರೆಯಾದ ದಿನದವರೆಗಿನ ಪಿಂಚಣಿಗೆ ಮಾತ್ರ ಬೆಲೆ ಕಟ್ಟಿ ಹಂಚುತ್ತಾರೆ, ಆಮೇಲಿನದು ದುಡಿದವನಿಗೆ. ದಿಂಬು ಎತ್ತಿದ ದಿನವೇ ಸಂಸಾರ ಮುಗಿಯಿತು ಎಂದ ಡೂಗಲ್‌ನ ವಕೀಲ. ಅವಳ ಮಾತು ಕೇಳಿದ ಸಾಕ್ಷಿಗಳೆಂದು ಅವನು ಕೊಟ್ಟ ಹೆಸರುಗಳಲ್ಲಿ ನನ್ನದೂ ಇತ್ತು! ಮೈಯೆಲ್ಲ ಉರಿದುಹೋಯಿತು. ಹತ್ತು ವರ್ಷದ ಪಾಲು ಹೋದರೆ ಮುದಿತನದಲ್ಲಿ ಅವಳಿಗೆ ಬಾಡಿಗೆಗೂ ಗತಿಯಿಲ್ಲ. ಅಡುಗೆಮನೆ ಕೆಲಸಕ್ಕೆ ಎಂಥ ಪಿಂಚಣಿ, ಮಣ್ಣು.

ಎರಡೂ ಕಡೆಯವರು ವಕೀಲರೊಂದಿಗೆ ಮಾತುಕತೆಗೆ ಕೂತ ದಿನ ನಾನು ಅವಳ ಪಕ್ಕದಲ್ಲೇ ಕೂತೆ. ಒಂದು ವರ್ಷದ ಎಳೆದಾಟದಲ್ಲಿ ಅವಳು ಸೋತುಹೋಗಿದ್ದಳು.

"ಏನ್ ಬೇಕಾದ್ರೂ ಬರ್ಕೊಳ್ಳಿ. ನಂಗೆ ಸಾಕಾಗಿದೆ," ಎಂದಳು.

ನನಗೆ ತಡೆಯಲಾಗಲಿಲ್ಲ. ಕೆಲಸಕ್ಕೆ ಒಯ್ಯುವ ಬುತ್ತಿಗೆ ನಾವು 'ಪೀಸ್' ಎನ್ನುತ್ತೇವೆ. ಎರಡು ಬ್ರೆಡ್ಡು, ನಡುವೆ ಚೀಸು, ಅಷ್ಟೇ. ಅದನ್ನು ಯಾವಳು ಕಟ್ಟುತ್ತಾಳೋ ಅವಳು ಮನೆಯವಳು.

"ಡೂಗಲ್, ನನ್ನ ಮುಖ ನೋಡಿ ಹೇಳೋ. ಇಷ್ಟು ವರ್ಷ ನಿಂಗೆ ಪೀಸ್ ಕಟ್ಟಿದ್ಯಾರು?"

ವಕೀಲ ಅಡ್ಡ ಬಾಯಿ ಹಾಕಿದ. ಡೂಗಲ್ ಅವನನ್ನು ನೋಡಲೇ ಇಲ್ಲ. "ಇವ್ಳೇ," ಎಂದ.

"ಎಲ್ಲಿವರೆಗೆ?"

"ಹೋದ ವರ್ಷ ಮಾರ್ಚಿನವರೆಗೆ. ನನ್ನ ಹುಟ್ಟಿದಬ್ಬದ ಮಾರನೇ ದಿನ. ಠಾಣೇಲಿ ಡಬ್ಬಿ ತೆಗೆದೆ. ತೊಳೆದು ಇಟ್ಟಿದ್ಲು, ಒಳಗೇನೂ ಇರ್ಲಿಲ್ಲ. ಬಿಟ್ಲು ಅಂತ ಆವತ್ತೇ ಗೊತ್ತಾಯ್ತು."

ನಮ್ಮ ವಕೀಲೆ ಬೇರೆಯಾದ ದಿನವೆಂದು ಆ ತಾರೀಖು ಬರೆದುಕೊಂಡಳು. ಹತ್ತು ವರ್ಷದ ಪಾಲೂ ಇಸೊಬೆಲ್‌ಗೆ ಉಳಿಯಿತು. ನಾನು ಅವಳ ಕೈ ಒತ್ತಿದೆ. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಆವತ್ತು ಮನೆಗೆ ಬಂದು ಯಾಕೆ ಕೇಳ್ಲಿಲ್ಲ ನೀನು?" ಎಂದು ಅವನನ್ನು ಕೇಳಿದಳು.

"ಏನ್ ಕೇಳೋದು? ಹೊರಗಡೆ ತಿಂದೆ."

"ಕೇಳ್ತೀಯ ಅಂತಾನೇ ಖಾಲಿ ಇಟ್ಟಿದ್ದೆ ಕಣೋ," ಎಂದು ಇಸೊಬೆಲ್ ಕೋಟು ಹುಡುಕತೊಡಗಿದಳು.