ಮಸ್ಕತ್ ದಾರಿ ಹಿಡಿದ ಬಾಯಮ್ಮ

ಮೊನ್ನೆ ಆಫೀಸಿನಲ್ಲಿ ಯಾರೋ ಓಮಾನಿ ಹಲ್ವಾದ ಡಬ್ಬಿ ತೆರೆದರು. ಪನ್ನೀರು, ಕೇಸರಿ, ತುಪ್ಪ ಬೆರೆತ ಆ ಪರಿಮಳಕ್ಕೆ ಬಾಯಮ್ಮ ನೆನಪಾದರು.

ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ಅವರದು ನಮ್ಮ ಎದುರಿನ ಫ್ಲಾಟ್. ಬಜಪೆ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಊರಿನ ರೂಢಿಯಂತೆ ನಾನು ಬಾಯಮ್ಮ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ದುಡಿದು ಒಬ್ಬಳೇ ಮಗಳನ್ನು ಓದಿಸಿ, ದೋಹಾದಲ್ಲಿದ್ದ ಹುಡುಗನಿಗೆ ಕೊಟ್ಟಿದ್ದರು. ಮಂಗಳೂರಿಗಿಂತ ಹತ್ತಿರವಾಯ್ತಲ್ಲ ಎಂದು ನಗುತ್ತಿದ್ದರು...

2017ರ ರಂಜಾನ್ ತಿಂಗಳಲ್ಲಿ ಆ ದಾರಿ ಮುಚ್ಚಿತು. ಇಲ್ಲಿನ ಸರ್ಕಾರವೂ ನೆರೆಯ ಕೆಲವು ದೇಶಗಳೂ ದೋಹಾ ಇರುವ ಕತಾರ್ ಜೊತೆಗಿನ ಸಂಬಂಧ ಕಡಿದುಕೊಂಡವು; ನೋಡನೋಡುತ್ತಿದ್ದಂತೆ ವಿಮಾನಗಳು ನಿಂತವು. ಮಗಳಿಗೆ ಚೊಚ್ಚಲ ಹೆರಿಗೆ. ಬಿಪಿ ಏರಿ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದರು.

ನಾನು ಟಿಕೆಟ್ ಬುಕಿಂಗ್ ಆಫೀಸಿನಲ್ಲಿದ್ದೆ. ಬಾಯಮ್ಮ ಕೌಂಟರಿಗೇ ಬಂದರು. ಕೊಲ್ಲಿಯ ಆರು ದೇಶಗಳ ಕೂಟದಲ್ಲಿ ಓಮಾನ್, ಕುವೈತ್ ಮಾತ್ರ ಯಾರ ಪಕ್ಷವನ್ನೂ ಹಿಡಿದಿಲ್ಲ, ಮಸ್ಕತ್ ಮೂಲಕ ಹೋಗಬಹುದು ಎಂದೆ. ಆದರೆ ಉಳಿದವರ ಒತ್ತಾಯಕ್ಕೆ ಅವರೂ ಬಾಗಿಲು ಹಾಕಿದರೆ ನೀವು ಅಲ್ಲೇ ಸಿಕ್ಕಿಬೀಳುತ್ತೀರಿ, ಇಲ್ಲಿನ ಕೆಲಸವೂ ಹೋದೀತು, ಸ್ವಲ್ಪ ಕಾದು ನೋಡಿ ಎಂದೂ ಹೇಳಿದೆ.

"ಹೆರಿಗೆ ಕಾಯ್ತದಾ ಮಗಾ?" ಎಂದರು. ಪಾಸ್‌ಪೋರ್ಟನ್ನು ಕೌಂಟರ್ ಮೇಲಿಟ್ಟು, "ಓಮಾನಿನವರದ್ದು ಅಷ್ಟು ಜೋರಿಲ್ಲದ ದೇಶ ಅಲ್ವಾ? ಇಬ್ಬರ ಹತ್ರವೂ ಮಾತಾಡಿಕೊಂಡೇ ಇರ್ಬೇಕು. ಅವರು ಮುಚ್ಚುದಿಲ್ಲ. ನೀನು ಟಿಕೆಟ್ ಮಾಡು" ಎಂದರು.

ಹೋದರು. ಆಮೇಲೆ ನಾನು ಪ್ರತಿದಿನ ಸುದ್ದಿ ನೋಡಿದೆ. ಕುವೈತಿನವರು ಸಂಧಾನಕ್ಕೆಂದು ಊರಿಂದೂರಿಗೆ ಓಡಾಡುತ್ತಿದ್ದರು. ಜಗಳ ಬಗೆಹರಿಯಲಿಲ್ಲ, ಆದರೆ ಮಸ್ಕತ್ ದಾರಿಯೂ ಮುಚ್ಚಲಿಲ್ಲ.

ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಮಗಳ ಸ್ಥಿತಿ ಎರಡು ದಿನ ಕಷ್ಟವೇ ಇತ್ತಂತೆ. ಹೋದ ಮಸ್ಕತ್ ದಾರಿಯಲ್ಲೇ ಮರಳಿದ ಬಾಯಮ್ಮ ಹಲ್ವಾದ ಡಬ್ಬಿ ನನ್ನ ಕೈಗಿಟ್ಟು, "ಮಗಳು ಕಣ್ಣು ಬಿಡುವಾಗ ನಾನು ಎದುರಿಗೇ ಇದ್ದೆ. ಅಷ್ಟು ಸಾಕು" ಎಂದರು.

ಮರುವರ್ಷ ಕೆಲಸ ಬಿಟ್ಟು ಊರಿಗೆ ಹೋದರು. ದೋಹಾಕ್ಕೆ ನೇರ ವಿಮಾನ ಮತ್ತೆ ಶುರುವಾಗುವ ಮೊದಲೇ ತೀರಿಕೊಂಡರು.

ಕಳೆದ ತಿಂಗಳು ಆ ಮಗಳು ತನ್ನ ಹುಡುಗಿಯನ್ನು ಕರೆದುಕೊಂಡು ಬಂದಿದ್ದಳು. ನಮ್ಮ ಹಳೆಯ ಕಟ್ಟಡದ ಕೆಳಗೆ ನಿಂತು, ಅಜ್ಜಿಯ ಮನೆ ಯಾವುದು ಎಂದು ಹುಡುಗಿ ಇಂಗ್ಲಿಷಿನಲ್ಲಿ ಕೇಳಿತು. ನಾನು ಕೈಯೆತ್ತಿದೆ. ಎಲ್ಲ ಕಿಟಕಿಗಳಿಗೂ ಬೇರೆ ಯಾರದೋ ಪರದೆಗಳು. ಯಾವುದನ್ನು ತೋರಿಸಬೇಕೆಂದು ಒಂದು ಕ್ಷಣ ನನಗೇ ತಿಳಿಯಲಿಲ್ಲ.